ಮಾಗಿಯ ಚಳಿಯಲ್ಲಿ ಜಾವಾ, ಯೆಜ್ಡಿ: ಹಳೆಯ ಮೋಟಾರು ಸೈಕಲ್ಲುಗಳ ಪಾಲನೆ ಮತ್ತು ಅದರ ಸುತ್ತಲಿನ ವ್ಯಾಪಾರ

ಕೃಷ್ಣರಾಜಸಾಗರದಿಂದ ಸುಮಾರು 20 ಕಿಲೋಮೀಟರ್ ದೂರದ ಮೈಸೂರಿನ ಯಾದವಗಿರಿಯಲ್ಲಿ ಒಂದು ಕಾಲಕ್ಕೆ ಮೋಟಾರು ಸೈಕಲ್ ತಯಾರಾಗುತ್ತಿತ್ತೆಂಬುದು ಈ ಭಾಗದ ಹಿರಿಯ ವರ್ತಕರಿಗೆ ಹೊಸ ಸಂಗತಿಯಲ್ಲ. ಎಫ್.ಕೆ. ಇರಾನಿ ಅವರ ನೇತೃತ್ವದಲ್ಲಿ 1960ರಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಸಂಸ್ಥೆಯು ಅಂದಿನ ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು, 1961ರಿಂದ 250 ಸಿ.ಸಿ. ಸಾಮರ್ಥ್ಯದ ಟೂ-ಸ್ಟ್ರೋಕ್ ಗಾಡಿಗಳನ್ನು ಹೊರತರತೊಡಗಿತು. 1973ರಿಂದ ಅದೇ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆಯು ಬಾಗಿಲು ಮುಚ್ಚಿತು. ಜಾವಾ ಹೆಸರಿನ ಹೊಸ ಗಾಡಿಗಳು 2018ರಲ್ಲಿಯೂ ಯೆಜ್ಡಿ ಹೆಸರಿನವು 2022ರಲ್ಲಿಯೂ ಮಾರುಕಟ್ಟೆಗೆ ಮರಳಿವೆಯಾದರೂ ಅವು ನೀರಿನಿಂದ ತಂಪಾಗುವ ಫೋರ್-ಸ್ಟ್ರೋಕ್ ಯಂತ್ರಗಳು. ಅವುಗಳ ಎಂಜಿನ್ನಿನ ಭಾಗಗಳು ಹಳೆಯ ಗಾಡಿಗೆ ಕೂಡುವುದಿಲ್ಲ.

ಹೀಗೆ ತಯಾರಕನಿಲ್ಲದೆ ಮೂರು ದಶಕ ಕಳೆದರೂ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರಸ್ತೆಗಳಲ್ಲಿ ಈ ಗಾಡಿಗಳ ಸದ್ದು ಪೂರ್ತಿ ಅಡಗಿಲ್ಲ. ಕೆಲವು ಹಾಲಿನ ಕ್ಯಾನು ಹೊರುತ್ತ ದುಡಿಯುತ್ತಲೇ ಇವೆ. ಹಲವು ಹಟ್ಟಿಯ ಮೂಲೆಯಿಂದ ಎದ್ದುಬಂದು ಬಣ್ಣ, ಕ್ರೋಮಿಯಂ ಲೇಪನ ಪಡೆದು ಭಾನುವಾರದ ಸವಾರಿಗೆ ಹೊರಡುತ್ತವೆ. ಇವೆರಡೂ ಬಗೆಯ ಗಾಡಿಗಳಿಗೆ ಕಷ್ಟದ ಕಾಲವೆಂದರೆ ಕಾರ್ತಿಕ ಮಾಸದಿಂದ ಶಿವರಾತ್ರಿಯವರೆಗಿನ ನಾಲ್ಕು ತಿಂಗಳು. ಮಳೆಗಾಲದಲ್ಲಿ ನಿಷ್ಠೆಯಿಂದ ಓಡಿದ ಗಾಡಿ ಧನುರ್ಮಾಸದ ಒಂದು ಬೆಳಗ್ಗೆ ಇಪ್ಪತ್ತು ಸಲ ಒದ್ದರೂ ಉಸಿರೆತ್ತುವುದಿಲ್ಲ. ಎತ್ತಿದರೂ ನಾಲೆಯ ಏರಿ ದಾಟುವಷ್ಟರಲ್ಲಿ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ಆ ಬೆಳಗಿನ ಸಂಕಟವು ಮಾಲೀಕನಿಗೆ ಖರ್ಚು, ಗ್ಯಾರೇಜಿನವರಿಗೆ ಕೆಲಸ, ಬಿಡಿಭಾಗದ ವರ್ತಕರಿಗೆ ಬೇಡಿಕೆ. ಅದರ ಕಾರಣಗಳನ್ನು ಬಲ್ಲ ವರ್ತಕನು ಗಿರಾಕಿಗೆ ಸರಿಯಾದ ವಸ್ತುವನ್ನೇ ಕೊಡಬಲ್ಲನಾದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತವಾಗಿದೆ.

ಚಳಿಗಿಂತ ತೇವದ ಕಾಟ

ಯೂರೋಪಿನ ಕೈಪಿಡಿಗಳಲ್ಲಿ ಚಳಿಗಾಲದ ಅಧ್ಯಾಯವೆಂದರೆ ಹಿಮ, ರಸ್ತೆಗೆ ಎರಚುವ ಉಪ್ಪು, ಹೆಪ್ಪುಗಟ್ಟುವ ಎಣ್ಣೆ ಇವುಗಳ ಅಧ್ಯಾಯ. ಇಲ್ಲಿಯ ಪರಿಸ್ಥಿತಿಯೇ ಬೇರೆ. ಮೈಸೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 2012ರ ಜನವರಿ 16ರ 7.7 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ಜನವರಿಯ ಬೆಳಗುಗಳು ಇದಕ್ಕಿಂತ ಎಷ್ಟೋ ಬೆಚ್ಚಗಿರುತ್ತವೆ. ಇಷ್ಟು ಚಳಿಗೆ ಯಾವ ಎಂಜಿನ್ನೂ ಹೆದರಬೇಕಾಗಿಲ್ಲ. ಜೆಕ್ ದೇಶದ ಹಿಮಕ್ಕೆಂದು ರೂಪಿಸಿದ ಯಂತ್ರವು ಹೆದರುವ ಮಾತಂತೂ ಇಲ್ಲ.

ಹೆದರಬೇಕಾದುದು ತೇವಕ್ಕೆ. ಕೃಷ್ಣರಾಜಸಾಗರದ ವಿಸ್ತಾರವಾದ ಜಲರಾಶಿ, ಅಲ್ಲಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಅದರ ನೀರುಂಡು ನಿಂತ ಭತ್ತದ ಗದ್ದೆಗಳು ಮತ್ತು ಕಬ್ಬಿನ ತೋಟಗಳು ಹಗಲೆಲ್ಲ ಆವಿಯನ್ನು ಬಿಡುತ್ತವೆ. ರಾತ್ರಿ ಗಾಳಿ ನಿಂತು ನೆಲ ತಣಿದಾಗ ಅದೇ ಆವಿ ಕಾವಳವಾಗಿ, ಇಬ್ಬನಿಯಾಗಿ ಇಳಿಯುತ್ತದೆ. ಪಾಂಡವಪುರದ ನಾಲೆಯ ಬದಿಯ ಹಳ್ಳಿಯಲ್ಲಿ ಚಪ್ಪರದ ಕೆಳಗೆ ನಿಲ್ಲಿಸಿದ ಗಾಡಿಯ ಸೀಟಿನಿಂದ ಬೆಳಗ್ಗೆ ನೀರು ತೊಟ್ಟಿಕ್ಕುತ್ತಿರುತ್ತದೆ. ನೀರಾವರಿ ಕಡಿಮೆಯಿರುವ ನಾಗಮಂಗಲದ ಬಯಲಿನಲ್ಲಿ ಚಳಿ ಕಟುವಾಗಿದ್ದರೂ ಗಾಳಿ ಒಣಗಿರುವುದರಿಂದ ಈ ತಾಪತ್ರಯ ಅಷ್ಟಿಲ್ಲ. ಒಂದೇ ಮಾದರಿಯ ಎರಡು ಗಾಡಿಗಳಲ್ಲಿ ನಾಗಮಂಗಲದ್ದು ಎರಡು ಒದೆತಕ್ಕೆ ಏಳುವುದಕ್ಕೂ ನಾಲೆ ಬದಿಯದ್ದು ಮುನಿಸಿಕೊಂಡು ನಿಲ್ಲುವುದಕ್ಕೂ ಕಾರಣವನ್ನು ಹುಡುಕುವಾಗ ಮೆಕ್ಯಾನಿಕ್ಕುಗಳು ಮೊದಲು ಊರನ್ನೇ ಕೇಳಿದರೆ ತಪ್ಪಿಲ್ಲ.

ಈ ತೇವವು ಗಾಡಿಯನ್ನು ಮೂರು ಕಡೆಯಿಂದ ಹೊಗುತ್ತದೆ. ಹೈಟೆನ್ಷನ್ ತಂತಿಯ ಬಿರುಕುಗಳಲ್ಲಿ, ಪ್ಲಗ್ಗಿನ ಟೋಪಿಯೊಳಗೆ, ಕಾಂಟ್ಯಾಕ್ಟ್ ಪಾಯಿಂಟುಗಳ ಮೇಲೆ ಕೂತು ಕಿಡಿಯನ್ನು ದಾರಿ ತಪ್ಪಿಸುತ್ತದೆ. ಸೈಲೆನ್ಸರಿನೊಳಗೆ ನೀರಾಗಿ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಮೂರನೆಯದು ಪೆಟ್ರೋಲ್ ಟ್ಯಾಂಕು. ಇಂದಿನ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ಹಾನಿ ಆಗುವುದು ಅಲ್ಲಿಯೇ.

ಟ್ಯಾಂಕಿನೊಳಗೆ ಕಬ್ಬಿನ ಸಾರ

ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರ ವೇಳೆಗೆ ದೇಶದ ಬಹುತೇಕ ಬಂಕುಗಳಲ್ಲಿ ಸಿಗುವುದು ಇದೇ ಇಂಧನವೆಂಬ ಸ್ಥಿತಿ ಬಂದಿತು. ಕಬ್ಬು ಬೆಳೆಯುವ ಮಂಡ್ಯ ಜಿಲ್ಲೆಯು ಇದನ್ನು ವಿರೋಧಿಸುವ ಪ್ರಶ್ನೆಯೇ ಇಲ್ಲ; ಕಬ್ಬಿಗೆ ಸಕ್ಕರೆಯ ಹೊರತಾಗಿ ಮತ್ತೊಂದು ಮಾರುಕಟ್ಟೆ ದೊರೆತದ್ದು ರೈತನಿಗೂ ಕಾರ್ಖಾನೆಗೂ ಹಿತವೇ. ಆದರೆ ಅದೇ ರೈತನ ಹಟ್ಟಿಯಲ್ಲಿರುವ 1970ರ ದಶಕದ ಜಾವಾ ಗಾಡಿಗೆ ತನ್ನದೇ ಹೊಲದ ಕಬ್ಬು ಅಜೀರ್ಣವಾಗುತ್ತಿರುವುದು ಒಂದು ವಿಪರ್ಯಾಸ.

ಎಥೆನಾಲ್ ನೀರನ್ನು ಹೀರುವ ದ್ರವ. ಅರ್ಧ ಖಾಲಿಯಿರುವ ಟ್ಯಾಂಕಿನ ಮೇಲ್ಭಾಗದಲ್ಲಿ ರಾತ್ರಿಯ ತಂಪಿಗೆ ಹನಿಗಟ್ಟಿದ ತೇವವು ಶುದ್ಧ ಪೆಟ್ರೋಲಿನಲ್ಲಾದರೆ ಕರಗದೆ ತಳಕ್ಕೆ ಇಳಿದು, ನಲ್ಲಿಯ ಬಟ್ಟಲಿನಲ್ಲಿ ಕಣ್ಣಿಗೆ ಬೀಳುತ್ತಿತ್ತು. ಬಿಚ್ಚಿ ಚೆಲ್ಲಿದರೆ ಮುಗಿಯಿತು. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಅದು ಕರಗಿ ಕಾಣದಂತಾಗುತ್ತದೆ. ಹೀಗೆ ದಿನದಿನವೂ ಕೂಡಿಕೊಂಡ ನೀರು ಒಂದು ಮಿತಿಯನ್ನು ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಉಷ್ಣತೆ ಇಳಿದಂತೆ ಆ ಮಿತಿಯೂ ಇಳಿಯುತ್ತದೆಯಾದ್ದರಿಂದ, ಸಂಜೆ ತಿಳಿಯಾಗಿದ್ದ ಇಂಧನವು ಬೆಳಗಿನ ಚಳಿಯಲ್ಲಿ ಕದಡಿಕೊಳ್ಳಬಹುದು. ಕಾರ್ಬ್ಯುರೇಟರಿಗೆ ಮೊದಲು ಇಳಿಯುವುದು ಆ ತಳದ ನೀರೇ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅದು ಟ್ಯಾಂಕಿನ ತುಕ್ಕನ್ನೂ ಹಳೆಯ ಅಂಟನ್ನೂ ಕಿತ್ತು ತಂದು ಜೆಟ್ಟಿನ ಕಿರಿದಾದ ರಂಧ್ರದಲ್ಲಿ ತುಂಬುತ್ತದೆ. ಸತುವಿನ ಮಿಶ್ರಲೋಹದ ಕಾರ್ಬ್ಯುರೇಟರ್ ಗೋಡೆಗಳ ಮೇಲೆ ಬಿಳಿಯ ಪುಡಿಯನ್ನು ಬೆಳೆಸುತ್ತದೆ.

ಟೂ-ಸ್ಟ್ರೋಕ್ ಗಾಡಿಯ ಮಟ್ಟಿಗೆ ಇನ್ನೂ ಒಂದು ತೊಡಕಿದೆ. ಅದರ ಕ್ರ್ಯಾಂಕಿಗೂ ಪಿಸ್ಟನ್ನಿಗೂ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲಿಯೇ. ಲೀಟರಿಗೆ 40 ಮಿಲಿಲೀಟರ್, ಅಂದರೆ 25ಕ್ಕೆ 1ರ ಲೆಕ್ಕ ಹಳೆಯ ಸವಾರರ ಬಾಯಲ್ಲಿ ಇಂದಿಗೂ ಇದೆ. ಎಥೆನಾಲ್-ನೀರಿನ ಪದರದಲ್ಲಿ ಈ ಎಣ್ಣೆ ಸರಿಯಾಗಿ ಬೆರೆಯುವುದಿಲ್ಲ. ತಳದ ಪದರವನ್ನು ಕುಡಿದು ಓಡುವ ಎಂಜಿನ್ನು ಎಣ್ಣೆಯಿಲ್ಲದೆ ಓಡುತ್ತದೆ. ಅದೂ ಚಳಿಯ ಬೆಳಗಿನ ಮೊದಲ ಐದು ನಿಮಿಷಗಳಲ್ಲಿ.

ಪರಿಹಾರಗಳು ದುಬಾರಿಯವಲ್ಲ. ಚಳಿಗಾಲದಲ್ಲಿ ಟ್ಯಾಂಕನ್ನು ರಾತ್ರಿ ತುಂಬಿಸಿಡುವುದು ಒಂದು. ಒಳಗೆ ಗಾಳಿಗೆ ಜಾಗವಿಲ್ಲದಿದ್ದರೆ ಹನಿಗಟ್ಟಲು ತೇವವೂ ಇರುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರ್ ಬಟ್ಟಲನ್ನೂ ಪೂರ್ತಿ ಬರಿದು ಮಾಡಿ ಒಣಗಿಸುವುದು ಮತ್ತೊಂದು. ಇವೆರಡರ ನಡುವಿನ ಅರ್ಧ ಟ್ಯಾಂಕಿನ ಸ್ಥಿತಿಯೇ ಕೆಟ್ಟದ್ದು. ಎಣ್ಣೆಯನ್ನು ಬಂಕಿನಲ್ಲಿ ನೇರವಾಗಿ ಟ್ಯಾಂಕಿಗೆ ಸುರಿಯುವ ರೂಢಿಯನ್ನು ಈ ತಿಂಗಳುಗಳಲ್ಲಾದರೂ ಬಿಡಬೇಕು. ತಣ್ಣನೆಯ ಎಣ್ಣೆ ದಪ್ಪಗಿದ್ದು ಬೆರೆಯದೆ ನೇರವಾಗಿ ನಲ್ಲಿಯ ಬಾಯಿಗೆ ಹೋಗಿ ಕೂರುತ್ತದೆ. ಬೇರೆ ಡಬ್ಬಿಯಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಬೆರೆಸಿ ಚೆನ್ನಾಗಿ ಕುಲುಕಿ ಆಮೇಲೆ ಹಾಕಬೇಕು. ಹೊರಡುವ ಮುನ್ನ ಗಾಡಿಯನ್ನು ಎರಡೂ ಕಡೆಗೆ ಓಲಾಡಿಸುವ ಹಳೆಯ ಸವಾರರ ಅಭ್ಯಾಸವು ನೋಡುವವರಿಗೆ ನಗೆ ತರಿಸಿದರೂ ಅದರಲ್ಲಿ ಅರ್ಥವಿದೆ.

ಕಿಕ್ಕಿಗೆ ಮುನ್ನ, ಕಿಕ್ಕಿನ ಮೇಲೆ

ತಣ್ಣಗಿನ ಗಾಳಿ ಸಾಂದ್ರವಾಗಿರುತ್ತದೆ. 30 ಡಿಗ್ರಿಯ ಮಧ್ಯಾಹ್ನಕ್ಕೆ ಹೋಲಿಸಿದರೆ 14 ಡಿಗ್ರಿಯ ಬೆಳಗಿನ ಗಾಳಿ ಸುಮಾರು ಶೇಕಡ 5ರಷ್ಟು ಹೆಚ್ಚು ತೂಗುತ್ತದೆ. ಹಳೆಯ ಕಾರ್ಬ್ಯುರೇಟರಿಗೆ ಇದನ್ನು ಅರಿಯುವ ಬುದ್ಧಿಯಿಲ್ಲ. ಗಾಳಿ ಹೆಚ್ಚಾದಷ್ಟು ಪೆಟ್ರೋಲನ್ನು ಅದು ಹೆಚ್ಚಿಸುವುದಿಲ್ಲ. ಇದರ ಮೇಲೆ ಎಥೆನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ, ಶುದ್ಧ ಪೆಟ್ರೋಲಿಗಿಂತ ಶೇಕಡ 7-8ರಷ್ಟು ಹೆಚ್ಚು ಇಂಧನ ಹೋದರೆ ಮಾತ್ರ ಮಿಶ್ರಣ ಸಮವಾಗುತ್ತದೆ. ಎರಡೂ ಕೂಡಿ ಮಿಶ್ರಣವು ತೆಳುವಾಗುತ್ತದೆ. ತೆಳು ಮಿಶ್ರಣ ಬಿಸಿಯಾಗಿ ಉರಿಯುತ್ತದೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಚಳಿಗಾಲದಲ್ಲಿ ಎಂಜಿನ್ ತಂಪಾಗಿ ಓಡುತ್ತದೆಂಬ ನಂಬಿಕೆಯು ಇಲ್ಲಿ ತಲೆಕೆಳಗಾಗುವುದು ಹೀಗೆ. ಕಾರ್ತಿಕದಲ್ಲಿ ಮುಖ್ಯ ಜೆಟ್ಟನ್ನು ಒಂದು ಮೆಟ್ಟಿಲು ದೊಡ್ಡದಕ್ಕೆ ಬದಲಿಸುವುದು, ಅದಾಗದಿದ್ದರೆ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ ಸೂಜಿಯನ್ನು ಮೇಲೆತ್ತುವುದು ಅನುಭವಿಗಳು ಅನುಸರಿಸುವ ಕ್ರಮ. ಪ್ಲಗ್ಗಿನ ತುದಿಯ ಬಣ್ಣವೇ ಇದಕ್ಕೆ ಸಾಕ್ಷಿ: ಬೆಲ್ಲದ ಬಣ್ಣವಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಅಪಾಯ, ಮಸಿಗಟ್ಟಿದ್ದರೆ ಪೆಟ್ರೋಲ್ ಹೆಚ್ಚಾಯಿತೆಂದು ತಿಳಿಯಬೇಕು.

ಇನ್ನು ಎಬ್ಬಿಸುವ ಕ್ರಮ. ಮೊದಲು ಎರಡನೆಯ ಗೇರಿನಲ್ಲಿಟ್ಟು ಕ್ಲಚ್ಚನ್ನು ಹಿಡಿದು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ನೂಕಿ, ತಂಪಿಗೆ ಒಂದಕ್ಕೊಂದು ಅಂಟಿಕೊಂಡ ಕಾರ್ಕ್ ಪ್ಲೇಟುಗಳನ್ನು ಬಿಡಿಸಬೇಕು. ಟಿಕ್ಲರ್ ಇರುವ ಕಾರ್ಬ್ಯುರೇಟರಾದರೆ ಅದನ್ನು ಒತ್ತಿ ಪೆಟ್ರೋಲ್ ತುಸು ಜಿನುಗುವವರೆಗೆ ಕಾಯಬೇಕು. ಕೀಲಿ ತಿರುಗಿಸದೆ ಎರಡು ಬಾರಿ ಮೆಲ್ಲಗೆ ಒದ್ದು ಆವಿಯನ್ನು ಒಳಗೆಳೆದು, ಕೀಲಿ ತಿರುಗಿಸಿ ಮೂರನೆಯದನ್ನು ಬಲವಾಗಿ ಒದೆಯಬೇಕು. ಸ್ಥಿತಿ ಚೆನ್ನಾಗಿರುವ ಜಾವಾ ಇಷ್ಟಕ್ಕೆ ಏಳಬೇಕು. ಏಳದಿದ್ದರೆ ಒದೆಯುತ್ತಲೇ ಇರುವುದು ವ್ಯರ್ಥ. ಪ್ಲಗ್ಗು ಬಿಚ್ಚಿ ಒರಸಿ ಬೆಚ್ಚಗೆ ಮಾಡಿ ಹಾಕುವುದು ಲೇಸು. ಬೆಂಕಿಕಡ್ಡಿ ಗೀರಿ ಪೆಟ್ರೋಲಿನಲ್ಲಿ ತೊಯ್ದ ಪ್ಲಗ್ಗನ್ನು ಅಲ್ಲಿಯೇ, ಗಾಡಿಯ ಪಕ್ಕದಲ್ಲಿಯೇ ಕಾಯಿಸುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು.

ಎದ್ದ ಮೇಲೆ ತಾಳ್ಮೆ ಬೇಕು. ಜಾವಾದ ಸಿಲಿಂಡರು ಬೀಡುಕಬ್ಬಿಣದ್ದು, ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಕಾದಾಗ ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೆಂಕಿಗೆ ನೇರವಾಗಿ ಒಡ್ಡಿಕೊಂಡ ಪಿಸ್ಟನ್ ಬೇಗ ಕಾಯುತ್ತದೆ. ಚಳಿಗಾಳಿಗೆ ಮೈಯೊಡ್ಡಿದ ಸಿಲಿಂಡರ್ ತಡವಾಗಿ ಕಾಯುತ್ತದೆ. ಇವೆರಡರ ನಡುವಿನ ಅಂತರವಿರುವುದು ಕೂದಲೆಳೆಯಷ್ಟು. ಹತ್ತು ಕ್ಷಣವೂ ನಿಲ್ಲದೆ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹೊರಟವನ ಎಂಜಿನ್ನು ಸೀಜ್ ಆಗುವುದು ದುರದೃಷ್ಟದಿಂದಲ್ಲ. ರೆಕ್ಕೆಗಳ ಮೇಲೆ ಕೈಯಿಟ್ಟರೆ ಬೆಚ್ಚಗೆ ತಾಗುವವರೆಗೆ ಸಣ್ಣ ವೇಗದಲ್ಲಿ ಬಿಟ್ಟು, ಮೊದಲ ಎರಡು ಮೂರು ಕಿಲೋಮೀಟರನ್ನು ಸಾವಧಾನವಾಗಿ ಸಾಗಬೇಕು. ಹಾಗೆಯೇ, ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿ ಬರುವ ಚುಟುಕು ಸವಾರಿ ಒಳ್ಳೆಯದಲ್ಲ. ಸೈಲೆನ್ಸರಿನ ನೀರು ಆವಿಯಾಗಿ ಹೋಗುವಷ್ಟು ಕಾಯದೆ ಎಂಜಿನ್ನನ್ನು ಆರಿಸಿದರೆ ತುಕ್ಕು ಹತ್ತುವುದು ನಿಶ್ಚಿತ. ಮೈಸೂರಿನಿಂದ ಕೆ.ಆರ್.ಎಸ್.ಗೆ ಒಂದು ಬಾರಿ ಹೋಗಿ ಬಂದರೆ ಅಷ್ಟು ಕಾವು ಧಾರಾಳವಾಗಿ ಸಿಗುತ್ತದೆ.

ಬುಲೆಟ್ ಗಾಡಿಯವರಿಗೆ ಈ ಕಷ್ಟಗಳಲ್ಲಿ ಅರ್ಧ ಮಾತ್ರ. ಎಣ್ಣೆ ಪ್ರತ್ಯೇಕವಾಗಿರುವುದರಿಂದ ಪೆಟ್ರೋಲಿನ ದೋಷ ಅದನ್ನು ತಟ್ಟುವುದಿಲ್ಲ. ಡಿಕಂಪ್ರೆಸರ್ ಎತ್ತಿ ನಾಲ್ಕಾರು ಬಾರಿ ಒದ್ದು ದಪ್ಪಗಾದ ಎಣ್ಣೆಯನ್ನು ಸಡಿಲಿಸಿದರೆ ಹಳೆಯ ಬುಲೆಟ್ ಮುಂದಿನ ಒದೆತಕ್ಕೆ ಏಳುತ್ತದೆ.

ಆರು ವೋಲ್ಟಿನ ಬೆಳಕು

ಮೈಸೂರಿನ ಹಳೆಯ ಜಾವಾಗಳದ್ದು 6 ವೋಲ್ಟಿನ ವಿದ್ಯುತ್ ವ್ಯವಸ್ಥೆ. ಅದರ ಡೈನಮೋ ಕೊಡುವುದು 45 ವ್ಯಾಟ್. ಹೆಡ್‌ಲೈಟು, ಹಿಂದಿನ ದೀಪ, ಹಾರ್ನು, ಕಿಡಿ ಹೊಡೆಸುವ ಕಾಯಿಲು ಎಲ್ಲವೂ ಇದನ್ನೇ ಹಂಚಿಕೊಳ್ಳಬೇಕು. ಕಾರುಗಳ ಸಾಮಾನ್ಯ ಹ್ಯಾಲೊಜನ್ ಬಲ್ಬು ಒಂದೇ 55ರಿಂದ 60 ವ್ಯಾಟ್ ತಿನ್ನುತ್ತದೆ. ಸೀಸದ ಬ್ಯಾಟರಿಯ ಶಕ್ತಿ ಉಷ್ಣತೆಯ ಪ್ರತಿ ಡಿಗ್ರಿ ಇಳಿಕೆಗೆ ಸುಮಾರು ಶೇಕಡ 1ರಷ್ಟು ಕುಂದುವುದರಿಂದ, ಬೇಸಗೆಯಲ್ಲಿ ಹೇಗೋ ನಿಭಾಯಿಸಿದ ಹಳೆಯ ಬ್ಯಾಟರಿ ಮಾಗಿಯಲ್ಲಿ ಕೈಕೊಡುತ್ತದೆ. ಕಿಡಿಗೆ ಬ್ಯಾಟರಿಯನ್ನೇ ನೆಚ್ಚಿರುವ ಗಾಡಿಯಾದ್ದರಿಂದ ಬ್ಯಾಟರಿ ಸತ್ತರೆ ಗಾಡಿಯೂ ಸತ್ತಂತೆ. ವಾರಕ್ಕೊಮ್ಮೆ ಚಾರ್ಜು, ಭೂಸಂಪರ್ಕದ ತಂತಿಯ ತುಕ್ಕು ಒರಸುವುದು, ಪಾಯಿಂಟನ್ನು ಶುಚಿಮಾಡಿ 0.4 ಮಿಲಿಮೀಟರ್ ಅಂತರಕ್ಕೆ ತರುವುದು ಇವು ಅರ್ಧ ಗಂಟೆಯ ಕೆಲಸ. 12 ವೋಲ್ಟಿಗೆ ಪರಿವರ್ತಿಸುವ ಕಿಟ್ಟುಗಳಿಗೆ ಈಗ ಬೇಡಿಕೆಯಿದೆ. ಮೂಲರೂಪವನ್ನು ಕೆಡಿಸುತ್ತವೆಂದು ಹಲವರು ಒಪ್ಪದಿದ್ದರೂ, ಕತ್ತಲಲ್ಲಿ ಹೊರಡಲೇಬೇಕಾದ ಹಾಲಿನವನಿಗೆ ಮೂಲರೂಪಕ್ಕಿಂತ ಬೆಳಕು ಮುಖ್ಯ.

ಏಕೆಂದರೆ ಈ ರಸ್ತೆಗಳಲ್ಲಿ ಬೆಳಗಿನ ಅಪಾಯ ಕಲ್ಪನೆಯದಲ್ಲ. ಕಬ್ಬು ಸಾಗುವ ತಿಂಗಳುಗಳಲ್ಲಿ ಆಲೆಮನೆಗೋ ಕಾರ್ಖಾನೆಗೋ ಹೊರಟ ಟ್ರ್ಯಾಕ್ಟರ್ ಟ್ರೇಲರುಗಳೂ ಎತ್ತಿನ ಗಾಡಿಗಳೂ ಹಿಂದೆ ದೀಪವಾಗಲಿ, ಪ್ರತಿಫಲಕ ಪಟ್ಟಿಯಾಗಲಿ ಇಲ್ಲದೆ ಕಾವಳದೊಳಗೆ ನಿಧಾನವಾಗಿ ಚಲಿಸುತ್ತಿರುತ್ತವೆ. ಚಾಚಿಕೊಂಡ ಕಬ್ಬಿನ ಜಲ್ಲೆಗಳು ಸವಾರನ ಮುಖದ ಮಟ್ಟದಲ್ಲಿರುತ್ತವೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಷೇಧವಾದಂದಿನಿಂದ ಹಳೆಯ ಗಾಡಿಗಳ ಜೊತೆಗೆ ಟ್ರ್ಯಾಕ್ಟರುಗಳೂ ಸರ್ವಿಸ್ ರಸ್ತೆಯಲ್ಲಿಯೇ ಕೂಡಿಕೊಂಡಿವೆ. ಅವುಗಳಿಗೂ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಇಬ್ಬನಿ ಕುಡಿದ ಡ್ರಮ್ ಬ್ರೇಕು ಮೊದಲ ಒತ್ತಿಗೆ ಹಿಡಿಯುವುದಿಲ್ಲ, ಎರಡನೆಯದಕ್ಕೆ ಗಕ್ಕನೆ ಹಿಡಿಯುತ್ತದೆ. ಹೊರಟ ಕೂಡಲೇ ನಿರ್ಜನ ಜಾಗದಲ್ಲಿ ಬ್ರೇಕನ್ನು ಲಘುವಾಗಿ ಹಿಡಿದು ನೂರು ಮೀಟರ್ ಓಡಿಸಿ ಲೈನಿಂಗನ್ನು ಒಣಗಿಸಿಕೊಳ್ಳುವುದು ವಿವೇಕ. ಹೆಲ್ಮೆಟ್ಟಿನ ಬದಲು ಉಣ್ಣೆಯ ಟೋಪಿ ತೊಟ್ಟು ಹೊರಡುವವರಿಗೆ ಹೇಳುವುದೇನೂ ಇಲ್ಲ.

ಒಂದು ಆಯಿಲ್ ಸೀಲಿನ ಬೆಲೆ

ಬಿಡಿಭಾಗಗಳ ವ್ಯಾಪಾರಕ್ಕೆ ಬಂದರೆ, ಚಳಿಗಾಲದಲ್ಲಿ ಬಯಲಾಗುವ ದೋಷಗಳಲ್ಲಿ ಬಹುಪಾಲು ಒಂದೇ ಚಿಕ್ಕ ವಸ್ತುವಿನ ಸುತ್ತ ತಿರುಗುತ್ತವೆ. ಅದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಆಯಿಲ್ ಸೀಲು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಕೋಣೆಯೇ ಪಂಪಿನಂತೆ ಕೆಲಸ ಮಾಡುವುದರಿಂದ ಅದು ಗಾಳಿಯಾಡದಂತೆ ಮುಚ್ಚಿರಬೇಕು. ಕ್ಲಚ್ಚಿನ ಬದಿಯ ಸೀಲು ಸೋತರೆ ಗೇರಿನ ಎಣ್ಣೆ ಒಳಗೆ ಸೇದಿಕೊಂಡು ಬಿಳಿಯ ಹೊಗೆ ಬರುತ್ತದೆ; ಕಣ್ಣಿಗೆ ಕಾಣುವುದರಿಂದ ಇದು ಸಜ್ಜನ ದೋಷ. ಡೈನಮೋ ಬದಿಯ ಸೀಲು ಸೋತರೆ ಹೊರಗಿನ ಗಾಳಿ ಸದ್ದಿಲ್ಲದೆ ಒಳಸೇರಿ ಮಿಶ್ರಣವನ್ನು ತೆಳುಗೊಳಿಸುತ್ತದೆ. ಗಾಡಿ ಎಂದಿಗಿಂತ ಚುರುಕಾಗಿ ಓಡುತ್ತಿದೆಯೆಂದು ಸವಾರನು ಹಿಗ್ಗುತ್ತಿರುವಾಗಲೇ ಪಿಸ್ಟನ್ ಕಚ್ಚುತ್ತದೆ. ವಯಸ್ಸಾದ ರಬ್ಬರ್ ತಂಪಿಗೆ ಬಿರುಸಾಗಿ ತುಟಿ ಬಿಗಿಯಾಗದೆ ಉಳಿಯುವುದರಿಂದ ಈ ದೋಷ ಬೆಳಗಿನ ಹೊತ್ತು ಹೆಚ್ಚು, ಕಾದ ಮೇಲೆ ಕಡಿಮೆ. ಬೆಳಗ್ಗೆ ಕಾಡಿದ ಗಾಡಿ ಮಧ್ಯಾಹ್ನ ಗ್ಯಾರೇಜಿಗೆ ಬಂದಾಗ ಸರಿಯಾಗಿಯೇ ಓಡುತ್ತದೆ; ಮೆಕ್ಯಾನಿಕ್ಕು ಕಾರ್ಬ್ಯುರೇಟರ್ ತೊಳೆದು ಕಳಿಸುತ್ತಾನೆ. ಮೂರು ಬಾರಿ ಹೀಗಾದ ಮೇಲೆ ಎಂಜಿನ್ ಬಿಚ್ಚುವ ಸರದಿ ಬರುತ್ತದೆ.

ಈ ಸೀಲುಗಳನ್ನು ಹಿಂದೆ ಸಾಮಾನ್ಯ ನೈಟ್ರೈಲ್ ರಬ್ಬರಿನಿಂದ ಮಾಡುತ್ತಿದ್ದರು. ಅಂದಿನ ಪೆಟ್ರೋಲಿಗೆ ಅದು ಸಾಕಾಗಿತ್ತು. ಎಥೆನಾಲಿನ ಸಹವಾಸದಲ್ಲಿ ಕಡಿಮೆ ದರ್ಜೆಯ ನೈಟ್ರೈಲ್ ಊದಿಕೊಂಡು, ಒಣಗಿದಾಗ ಸುಕ್ಕುಗಟ್ಟಿ ಬಿರುಕುಬಿಡುತ್ತದೆ. ಫ್ಲೋರೋ ರಬ್ಬರಿನ ಸೀಲು, ಪೆಟ್ರೋಲ್ ಪೈಪು, ನಲ್ಲಿಯ ವಾಷರುಗಳು ಬಾಳುತ್ತವೆ. ಆದರೆ ಕಚ್ಚಾವಸ್ತುವಿನ ಬೆಲೆ ಹಲವು ಪಟ್ಟು. ಅಂಗಡಿಯಲ್ಲಿ ಎರಡೂ ಕಪ್ಪಗೆ, ಎರಡೂ ಒಂದೇ ಅಳತೆಯಲ್ಲಿ ಸಿಗುವುದರಿಂದ ಗಿರಾಕಿಯು ಅಗ್ಗದ್ದನ್ನು ಆರಿಸುತ್ತಾನೆ. ಹಳೆಯ ಕಾರ್ಖಾನೆಯ ಗುರುತನ್ನು ಅಚ್ಚೊತ್ತಿದ ಲಕೋಟೆಯಲ್ಲಿ ಯಾರೋ ನಿನ್ನೆ ಮಾಡಿದ ಮಾಲನ್ನು ಮಾರುವುದೂ ನಡೆದಿದೆ. 1996ಕ್ಕೆ ಮುಂಚಿನ ಅಸಲಿ ದಾಸ್ತಾನು ಸಿಕ್ಕರೂ ಸಂತೋಷಪಡುವಂತಿಲ್ಲ: ಲೋಹದ ಭಾಗವಾದರೆ ಅದು ನಿಧಿ, ರಬ್ಬರಾದರೆ ಮೂವತ್ತು ವರ್ಷ ಕಪಾಟಿನಲ್ಲಿಯೇ ಮುದಿಯಾದ ಸರಕು. ಸೀಲಿನಲ್ಲಿ ಉಳಿಸಿದ ಹತ್ತಿಪ್ಪತ್ತು ರೂಪಾಯಿಗೆ ಪ್ರತಿಯಾಗಿ ಸಿಲಿಂಡರ್ ಬೋರಿಂಗ್, ಹೊಸ ಪಿಸ್ಟನ್, ಕ್ರ್ಯಾಂಕ್ ಪಿನ್ನು, ಬೇರಿಂಗು, ಕೂಲಿ ಎಂದು ಸಾವಿರಾರು ರೂಪಾಯಿ ತೆರಬೇಕಾಗುವ ಲೆಕ್ಕವನ್ನು ಗಿರಾಕಿಗೆ ಹೇಳುವ ವರ್ತಕರು ಕಡಿಮೆ. ಹೇಳಿದವರ ಅಂಗಡಿಗೇ ಗಿರಾಕಿ ಮುಂದಿನ ವರ್ಷ ಬರುತ್ತಾನೆಂಬುದೂ ನಿಜ.

ಇಲ್ಲಿ ಚಿಕ್ಕ ತಯಾರಕರಿಗೆ ಒಂದು ಅವಕಾಶವೂ ಒಂದು ತೊಡಕೂ ಇವೆ. ಮೈಸೂರಿನ ಮೇಟಗಳ್ಳಿ, ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರಭಾಗಗಳ ಕೆಲಸಕ್ಕೆ ಬೇಕಾದ ಕೌಶಲ್ಯವಿದೆ. ಮುಚ್ಚಿದ ಕಾರ್ಖಾನೆಯಲ್ಲಿ ಕೈಪಳಗಿದವರ ವಿದ್ಯೆಯೂ ಪೂರ್ತಿ ಅಳಿದಿಲ್ಲ. ಕಂಚು, ಹಿತ್ತಾಳೆಯ ಎರಕಕ್ಕೆ ನಾಗಮಂಗಲದ ಹೆಸರು ಹಳೆಯದು. ಕಿರುಕಡ್ಡಿಯ ಬುಷ್ಷಿನಂಥ ಭಾಗಗಳಿಗೆ ಆ ಕೈಗಳನ್ನು ಯಾರೂ ಕೇಳಿದಂತಿಲ್ಲ. ತೊಡಕಿರುವುದು ಪ್ರಮಾಣದಲ್ಲಿ. ರಬ್ಬರಿನ ಅಚ್ಚಿನ ವೆಚ್ಚ ಒಂದೇ ಇರುತ್ತದೆ, ನೂರು ಸೀಲು ಮಾಡಿದರೂ ಹತ್ತು ಸಾವಿರ ಮಾಡಿದರೂ. ಒಂದು ತಾಲ್ಲೂಕಿನ ಬೇಡಿಕೆಯಿಂದ ಅಚ್ಚಿನ ದುಡ್ಡು ಹುಟ್ಟುವುದಿಲ್ಲ. ಹಾಗಾಗಿ ಮಾಲು ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ದೆಹಲಿಯ ಕರೋಲ್‌ಬಾಗಿನಿಂದಲೋ ಬರುತ್ತದೆ, ಗುಣಮಟ್ಟದ ಹೊಣೆ ಯಾರದೂ ಅಲ್ಲದ ಸ್ಥಿತಿಯಲ್ಲಿ. ನಾಲ್ಕಾರು ವರ್ತಕರು ಕೂಡಿ ಒಂದು ಅಚ್ಚಿನ ವೆಚ್ಚವನ್ನು ಹಂಚಿಕೊಂಡು, ರಬ್ಬರಿನ ದರ್ಜೆಯನ್ನು ಲಕೋಟೆಯ ಮೇಲೆ ನಮೂದಿಸಿ ಮಾರುವ ವ್ಯವಸ್ಥೆಯಾದರೆ ಈ ಮಾಲು ಇಲ್ಲಿಯೇ ಆಗಬಲ್ಲುದು. ಜಾವಾ ಗಾಡಿಗಳು ಹಲವು ದೇಶಗಳಲ್ಲಿ ಇರುವುದರಿಂದ ಮಾರುಕಟ್ಟೆಯನ್ನು ಜಿಲ್ಲೆಯ ಗಡಿಗೆ ಸೀಮಿತವೆಂದು ಭಾವಿಸಬೇಕಾಗಿಲ್ಲ. ಮೋಟಾರು ಸೈಕಲ್ ಬಿಡಿಭಾಗಗಳ ಮೇಲಿದ್ದ ಶೇಕಡ 28ರ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿದಿರುವುದೂ ಈ ಲೆಕ್ಕದಲ್ಲಿ ಸೇರಬೇಕು.

ನೋಂದಣಿಯ ವಿಚಾರ

ಗಾಡಿ ಎಷ್ಟು ಚೆನ್ನಾಗಿದ್ದರೂ ಕಾಗದಪತ್ರ ಸರಿಯಿಲ್ಲದಿದ್ದರೆ ರಸ್ತೆಗೆ ಇಳಿಯುವಂತಿಲ್ಲ. 15 ವರ್ಷ ತುಂಬಿದ ಮೇಲೆ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕವು 2022ರ ಏಪ್ರಿಲ್‌ನಲ್ಲಿ ಮೋಟಾರು ಸೈಕಲ್ಲಿಗೆ 1,000 ರೂಪಾಯಿಗೆ ಏರಿತು. 20 ವರ್ಷ ಮೀರಿದವುಗಳಿಗೆ 2025ರಲ್ಲಿ 2,000 ರೂಪಾಯಿಯೆಂದು ನಿಗದಿಯಾಯಿತು. 1996ರಲ್ಲಿ ತಯಾರಿಕೆ ನಿಂತ ಗಾಡಿಗಳೆಲ್ಲವೂ ಈ ಎರಡನೆಯ ವರ್ಗಕ್ಕೆ ಸೇರುತ್ತವೆ.

2021ರ ಜುಲೈನಲ್ಲಿ ಪ್ರಕಟವಾದ ಕೇಂದ್ರದ ನಿಯಮಗಳಂತೆ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಇರುವ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಇದರ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ಆದರೆ ಇಂಥ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ, ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮೊದಲಾದ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ಗೌರವದ ಫಲಕದ ಆಸೆಗೆ ಹೀಗೆ ನೋಂದಾಯಿಸಿದ ಮೇಲೆ ಅದೇ ಗಾಡಿಯಲ್ಲಿ ಹಾಲು ಹಾಕಲು ಹೋಗುವುದು ನಿಯಮಬಾಹಿರ. ದುಡಿಯುವ ಗಾಡಿಗೆ ಸಾಮಾನ್ಯ ನವೀಕರಣವೇ ಸೂಕ್ತ. ಮಾರುವಾಗಲೂ ಕೊಳ್ಳುವಾಗಲೂ ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳು ನೋಂದಣಿ ಪುಸ್ತಕದೊಡನೆ ತಾಳೆಯಾಗುವುದನ್ನು ಹಗಲು ಬೆಳಕಿನಲ್ಲಿ ನೋಡಿಯೇ ಮುಂಗಡ ಕೊಡಬೇಕು. ಹಲವು ಗಾಡಿಗಳು ಹತ್ತಾರು ವರ್ಷಗಳಲ್ಲಿ ಎರಡು ಮೂರು ಎಂಜಿನ್ನುಗಳನ್ನು ಬದಲಿಸಿಕೊಂಡಿರುತ್ತವೆ.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆಂಬ ಮಾತಿದೆ. ಅಷ್ಟರಲ್ಲಿ ಜೆಟ್ಟನ್ನು ಮತ್ತೆ ಹಳೆಯ ಅಳತೆಗೆ ತರಬೇಕು, ಚಳಿಯಲ್ಲಿ ಕಟ್ಟಿದ ಮಸಿಯನ್ನು ಸೈಲೆನ್ಸರಿನಿಂದಲೂ ಸಿಲಿಂಡರಿನ ಹೊಗೆಕಿಂಡಿಯಿಂದಲೂ ಕೆರೆದು ತೆಗೆಯಬೇಕು, ಜಾವಾದ ಪೂರ್ತಿ ಮುಚ್ಚಿದ ಚೈನ್ ಕವರಿನೊಳಗೆ ತೇವ ನಿಂತಿದೆಯೇ ಎಂದು ನೋಡಬೇಕು. ಬಿಡಿಭಾಗದ ವರ್ತಕರ ಕ್ಯಾಲೆಂಡರು ಮಾತ್ರ ಇದಕ್ಕಿಂತ ಮುಂದಿರುತ್ತದೆ: ಕಾರ್ತಿಕದಲ್ಲಿ ಗಿರಾಕಿ ಬಂದು ಸೀಲು ಕೇಳುವಾಗ ಅದು ಕಪಾಟಿನಲ್ಲಿರಬೇಕಾದರೆ ಅಚ್ಚಿಗೂ ರಬ್ಬರಿಗೂ ಆಯುಧಪೂಜೆಗೆ ಎರಡು ತಿಂಗಳು ಮೊದಲೇ ಹಣ ಕಟ್ಟಿರಬೇಕಾಗುತ್ತದೆ.